ಬಂದೂಕಿನ ಬಿಡಿಭಾಗವೂ ಬಂದೂಕೇ

(ಹೊರನಾಡ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಅಮೆರಿಕದಲ್ಲಿ ನೆಲೆಸಿರುವ ಬಂಧುಗಳಿಂದ ಅಲ್ಲಿಯ ಒಂದು ಹವ್ಯಾಸದ ಸಂಗತಿಯನ್ನು ತಮ್ಮಲ್ಲಿ ಹಲವರು ಕೇಳಿರಬಹುದು. ಅಲ್ಲಿನವರು ರೈಫಲ್ಲಿನ ಭಾಗಗಳನ್ನು ಬೇರೆಬೇರೆಯಾಗಿ ಕೊಂಡುತಂದು ಮನೆಯ ಮೇಜಿನ ಮೇಲೆಯೇ ಜೋಡಿಸಿಕೊಳ್ಳುತ್ತಾರೆ. ‘ಹಾಗೆ ನಾವೂ ಇಲ್ಲಿ ಜೋಡಿಸಬಹುದೇ’ ಎಂದು ತರುಣರು ಕೇಳುವುದುಂಟು. ಕೂಡದು ಎಂಬುದೇ ಇದಕ್ಕೆ ಉತ್ತರ. ಆದರೆ ಉತ್ತರವನ್ನಷ್ಟೇ ಹೇಳಿ ಸುಮ್ಮನಾಗುವುದು ಉಚಿತವಲ್ಲ. ಅಲ್ಲಿ ಸಲ್ಲುವುದು ಇಲ್ಲೇಕೆ ಸಲ್ಲದು ಎಂಬುದನ್ನು ಅರಿತರೆ, ಊರಿನ ಮನೆಯ ಅಟ್ಟದಲ್ಲಿರುವ ತಾತನ ಕೋವಿಯ ವಿಷಯದಲ್ಲಿ ನಾವು ಹೇಗೆ ನಡೆದುಕೊಳ್ಳಬೇಕೆಂಬುದೂ ತಿಳಿಯುತ್ತದೆ.

ಎ.ಆರ್.-15 ಎಂಬ ಮಾದರಿಯ ರೈಫಲ್ಲು ಮೇಲಿನದು, ಕೆಳಗಿನದು ಎಂಬ ಎರಡು ಅರ್ಧಗಳಿಂದ ಕೂಡಿದೆ. ಟ್ರಿಗರನ್ನೂ ಗುಂಡಿನ ಮ್ಯಾಗಜಿನ್ನನ್ನೂ ಹಿಡಿದಿಡುವ ಕೆಳಗಿನ ಚೌಕಟ್ಟಿಗೆ ಅಲ್ಲಿ ‘ಲೋಯರ್ ರಿಸೀವರ್’ ಎಂದು ಹೆಸರು. 1968ರ ಅಮೆರಿಕದ ಬಂದೂಕು ನಿಯಂತ್ರಣ ಕಾಯಿದೆಯು ಬಂದೂಕಿನ ಚೌಕಟ್ಟು ಅಥವಾ ರಿಸೀವರನ್ನೇ ಬಂದೂಕೆಂದು ಎಣಿಸುತ್ತದೆ. ಈ ರೈಫಲ್ಲಿನಲ್ಲಿ ಕ್ರಮಸಂಖ್ಯೆಯನ್ನು ಕೊರೆಯುವುದು ಆ ಕೆಳಭಾಗದ ಮೇಲೆಯೇ. ಪರವಾನಗಿ ಪಡೆದ ವ್ಯಾಪಾರಿಯಿಂದ ಅದನ್ನು ಕೊಳ್ಳುವಾಗ ಕೊಳ್ಳುವವನ ಪೂರ್ವಾಪರದ ತಪಾಸಣೆಯಾಗುತ್ತದೆ. ನಳಿಗೆ, ಹಿಡಿ, ಹಿಂದಿನ ಕಟ್ಟಿಗೆ ಮುಂತಾದವು ಆ ದೇಶದ ಒಕ್ಕೂಟ ಕಾನೂನಿನ ಮಟ್ಟಿಗೆ ಸೈಕಲ್ಲಿನ ಬಿಡಿಭಾಗಗಳಂತೆ ಮಾರಾಟವಾಗುತ್ತವೆ.

ಅಲ್ಲಿಯೂ ಈ ಸ್ವಾತಂತ್ರ್ಯ ಮೇರೆಯಿಲ್ಲದ್ದಲ್ಲ. ಪೂರ್ಣಗೊಳ್ಳದ ರಿಸೀವರುಗಳನ್ನು ಸಂಖ್ಯೆಯಿಲ್ಲದೆ ಮಾರುವುದು, ಕೊಂಡವರು ಮನೆಯಲ್ಲಿ ಅವನ್ನು ಪೂರೈಸಿಕೊಳ್ಳುವುದು ಹೆಚ್ಚಿತು. ಅಪರಾಧ ನಡೆದ ಸ್ಥಳದಲ್ಲಿ ದೊರೆತ ಬಂದೂಕು ಯಾರದೆಂದು ಪತ್ತೆಹಚ್ಚಲು ಪೊಲೀಸರಿಗೆ ದಾರಿಯೇ ಇಲ್ಲದಂತಾಯಿತು. 2022ರಲ್ಲಿ ಅಲ್ಲಿನ ಸರಕಾರವು ಇಂತಹ ಜೋಡಣಾ ಸಾಮಗ್ರಿಗಳಿಗೂ ಕ್ರಮಸಂಖ್ಯೆ ಮತ್ತು ತಪಾಸಣೆಯನ್ನು ಅನ್ವಯಿಸುವ ನಿಯಮವನ್ನು ಜಾರಿಗೆ ತಂದಿತು. 2025ರ ಮಾರ್ಚಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆ ನಿಯಮವನ್ನು ಎತ್ತಿಹಿಡಿಯಿತು.

ಇನ್ನು ನಮ್ಮ ದೇಶದ ಕಾನೂನಿಗೆ ಬರೋಣ. ನಮ್ಮದು 1959ರ ಆಯುಧ ಅಧಿನಿಯಮ; 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಇದರ ಎರಡನೆಯ ಪ್ರಕರಣದ ವ್ಯಾಖ್ಯೆಯಂತೆ ಬಂದೂಕು ಎಂದರೆ ಅದರ ಭಾಗಗಳೂ ಹೌದು, ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಹೌದು, ಸದ್ದು ಅಥವಾ ಬೆಂಕಿಯ ಮಿಂಚನ್ನು ಅಡಗಿಸಲು ಅದಕ್ಕೆ ಜೋಡಿಸುವ ಸಾಧನಗಳೂ ಹೌದು. ಭಾಷಾಂತರವನ್ನೇ ವೃತ್ತಿಯಾಗಿ ಉಳ್ಳ ನನಗೆ ಇಲ್ಲಿ ‘ಭಾಗ’ ಎಂಬ ಪುಟ್ಟ ಶಬ್ದವೇ ಎಲ್ಲಕ್ಕಿಂತ ಭಾರವಾಗಿ ಕಾಣುತ್ತದೆ. ‘ಬಿಡಿಭಾಗ’ ಎಂದೊಡನೆ ಅಂಗಡಿಯಲ್ಲಿ ಸಿಗುವ ನಿರುಪದ್ರವಿ ವಸ್ತುವೊಂದು ಮನಸ್ಸಿಗೆ ಬರುತ್ತದೆ. ‘ಅಂಗ’ ಎಂದರೆ ಕಾನೂನಿನ ಇಂಗಿತಕ್ಕೆ ಹೆಚ್ಚು ಹತ್ತಿರವಾದೀತು. ಒಂದು ತುಂಡು ಮಾತ್ರ ಬಂದೂಕು, ಉಳಿದದ್ದೆಲ್ಲ ಬರಿಯ ಕಬ್ಬಿಣ ಎಂಬ ಅಮೆರಿಕದ ವಿಂಗಡಣೆ ನಮ್ಮಲ್ಲಿ ಇಲ್ಲ.

ಹಾಗಾದರೆ ಹಳೆಯ ತಿರುಪು ಮೊಳೆಯೊಂದು ಪೆಟ್ಟಿಗೆಯಲ್ಲಿ ಉಳಿದಿದ್ದರೂ ಅಪರಾಧವೇ ಎಂದು ತಾವು ಕೇಳಬಹುದು. ಅಧಿನಿಯಮವು ಅಷ್ಟು ಕಠೋರವಲ್ಲ. ನಲವತ್ತೈದನೆಯ ಪ್ರಕರಣವು ಎರಡು ವಿನಾಯಿತಿಗಳನ್ನು ಕೊಡುತ್ತದೆ. ಹಳತಾದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಕೆಗೆ ಬಾರದಂತಿದ್ದರೆ ಅದಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ. ‘ದುರಸ್ತಿ ಮಾಡಿದರೂ’ ಎಂಬುದನ್ನು ಗಮನಿಸಬೇಕು. ತುಕ್ಕು ಹಿಡಿದಿದೆ ಎಂಬುದೊಂದೇ ಸಾಲದು. ಎರಡನೆಯದು ಚಿಕ್ಕಪುಟ್ಟ ಭಾಗಗಳಿಗೆ ಸಂಬಂಧಿಸಿದ್ದು. ಅವುಗಳಿಗೆ ಪೂರಕವಾದ ಇತರ ಭಾಗಗಳೊಡನೆ ಅವನ್ನು ಬಳಸುವ ಉದ್ದೇಶವಿಲ್ಲದಿದ್ದರೆ ದೋಷವಿಲ್ಲ. ಆದರೆ ಆ ಪೂರಕ ಭಾಗಗಳು ಅವನ ಬಳಿಯೇ ಇರಬೇಕೆಂದಿಲ್ಲ, ಬೇರೊಬ್ಬನ ಬಳಿ ಇದ್ದರೂ ಆಯಿತು ಎಂದು ಪ್ರಕರಣವು ಹೇಳುತ್ತದೆ. ಅಣ್ಣನು ಮುಂಬಯಿಯಲ್ಲಿ ಒಂದು ತುಂಡನ್ನು, ತಮ್ಮನು ಪುಣೆಯಲ್ಲಿ ಇನ್ನೊಂದನ್ನು ಇಟ್ಟುಕೊಂಡು, ಮುಂದೆ ಕೂಡಿಸಿಕೊಳ್ಳುವ ಎಣಿಕೆಯಲ್ಲಿದ್ದರೆ ಇಬ್ಬರಿಗೂ ಈ ವಿನಾಯಿತಿ ದೊರೆಯದು. ಟ್ರಿಗರಿನ ಯಂತ್ರವನ್ನೇ ಹೊತ್ತ ರಿಸೀವರು ಚಿಕ್ಕಪುಟ್ಟ ಭಾಗವೆಂದು ವಾದಿಸುವುದಂತೂ ವ್ಯರ್ಥ.

ಜೋಡಣೆಯ ಮಾತು ಐದನೆಯ ಪ್ರಕರಣಕ್ಕೆ ಸೇರಿದ್ದು. ಪರವಾನಗಿಯಿಲ್ಲದೆ ಬಂದೂಕನ್ನು ತಯಾರಿಸುವುದು, ಮಾರುವುದು, ಮಾರ್ಪಡಿಸುವುದು, ದುರಸ್ತಿ ಮಾಡುವುದು, ಪರೀಕ್ಷಿಸುವುದು ಎಲ್ಲವೂ ನಿಷಿದ್ಧ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ತಯಾರಿಸುವ ಪರವಾನಗಿ ಬೇರೆ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದರ ಅಧಿಕಾರ ಬರುವುದಿಲ್ಲ. 2019ರ ತಿದ್ದುಪಡಿಗೆ ಮೊದಲು ಈ ಅಪರಾಧಕ್ಕೆ ಮೂರರಿಂದ ಏಳು ವರ್ಷಗಳ ಸೆರೆವಾಸವಿತ್ತು. ಈಗ ಕನಿಷ್ಠ ಶಿಕ್ಷೆಯೇ ಏಳು ವರ್ಷ, ಗರಿಷ್ಠ ಶಿಕ್ಷೆ ಜೀವಾವಧಿ; ದಂಡವೂ ಉಂಟು. ಪರವಾನಗಿಯಿಲ್ಲದೆ ಬಂದೂಕನ್ನು ಕೇವಲ ಇಟ್ಟುಕೊಂಡಿದ್ದರೆ ಸಾಮಾನ್ಯವಾಗಿ ಎರಡರಿಂದ ಐದು ವರ್ಷ. ಎರಡನ್ನೂ ಹೋಲಿಸಿ ನೋಡಿದರೆ ತಯಾರಿಕೆಯನ್ನು ಸಂಸತ್ತು ಎಷ್ಟು ಗುರುತರವೆಂದು ಭಾವಿಸಿದೆ ಎಂಬುದು ಸ್ಪಷ್ಟವಾಗುತ್ತದೆ. ಹವ್ಯಾಸಕ್ಕಾಗಿ ಮಾಡಿದೆ ಎಂಬ ಸಮಜಾಯಿಷಿಗೆ ಇಲ್ಲಿ ಸ್ಥಾನವಿಲ್ಲ.

ಕಾನೂನನ್ನು ಬದಿಗಿಟ್ಟು ಲೋಹದ ದೃಷ್ಟಿಯಿಂದ ನೋಡಿದರೂ ಇದು ಸರಿಯೇ. ತೋಟಾ ಸಿಡಿದಾಗ ಹುಟ್ಟುವ ಅನಿಲದ ಒತ್ತಡವು ನಳಿಗೆಯ ಮುಂದಕ್ಕೆ ನುಗ್ಗುವಂತೆಯೇ ಹಿಂದಕ್ಕೂ, ಅಂದರೆ ಹಾರಿಸುವವನ ಮುಖದ ಕಡೆಗೂ ನೂಕುತ್ತದೆ. ಹಿಂಬದಿಯನ್ನು ಮುಚ್ಚುವ ಬೋಲ್ಟಿಗೂ ತೋಟಾ ಕೂರುವ ಗೂಡಿಗೂ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚಾದರೂ ಹಿತ್ತಾಳೆಯ ಕವಚ ಹರಿದು ಕಣ್ಣು, ಕೈಗಳಿಗೆ ಅಪಾಯವಾಗಬಹುದು. ಆದ್ದರಿಂದಲೇ ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಂತಹ ಕಡೆಗಳಲ್ಲಿ ಸಾಮಾನ್ಯಕ್ಕಿಂತ ಹೆಚ್ಚಿನ ಒತ್ತಡದ ತೋಟಾ ಹಾರಿಸಿ ಪರೀಕ್ಷಿಸಿ, ಮುದ್ರೆಯೊತ್ತಿದ ಮೇಲೆಯೇ ಬಂದೂಕನ್ನು ಹೊರಗೆ ಬಿಡುವುದು. ಊರಿನ ಕುಲುಮೆಯವರಿಂದ ಕೋವಿಯ ದುರಸ್ತಿ ಮಾಡಿಸುವ ಹಳೆಯ ವಾಡಿಕೆಯನ್ನೂ ಕೈಬಿಡಬೇಕು. ಒರೆಸಿ ಎಣ್ಣೆ ಹಚ್ಚುವುದು ಒಡೆಯನ ಕೆಲಸ. ಮುರಿದ ಭಾಗವನ್ನು ಬದಲಿಸುವುದು ಪರವಾನಗಿ ಪಡೆದ ದುರಸ್ತಿಗಾರನ ಕೆಲಸ. ಬಂದೂಕಿನ ಗುರುತಿನ ಸಂಖ್ಯೆಯನ್ನಂತೂ ಉಜ್ಜಿ ಅಳಿಸಕೂಡದು. ಅಳಿಸಿದ ಬಂದೂಕು ಯಾರ ಬಳಿ ಸಿಗುವುದೋ ಅವರೇ ಅಳಿಸಿದರೆಂದು ಎಂಟನೆಯ ಪ್ರಕರಣವು ಭಾವಿಸುತ್ತದೆ; ಹಾಗಲ್ಲವೆಂದು ತೋರಿಸುವ ಹೊಣೆ ಅವರದೇ.

ಹೊರನಾಡಿನಲ್ಲಿರುವ ನಮಗೆ ಅಮೆರಿಕದ ರೈಫಲ್ಲಿಗಿಂತ ಹತ್ತಿರದ ಪ್ರಶ್ನೆಯೆಂದರೆ ಊರಿನ ಜೋಡುನಳಿಗೆಯದು. ಮಲೆನಾಡಿನ ಕಡೆಯ ಅನೇಕ ಮನೆಗಳಲ್ಲಿ ಬೆಳೆಯ ರಕ್ಷಣೆಗೆಂದು ಹಿರಿಯರು ಕೋವಿ ಪಡೆದಿದ್ದರು. ತಂದೆಯವರು ತೀರಿಕೊಂಡಾಗ ತೋಟ, ಗದ್ದೆ ಮಕ್ಕಳಿಗೆ ಬರುತ್ತವೆ, ಪರವಾನಗಿ ಬರುವುದಿಲ್ಲ. ಅದು ಅವರ ಹೆಸರಿನದು, ಅವರೊಡನೆಯೇ ಮುಗಿಯಿತು. ಉತ್ತರಕ್ರಿಯೆಗೆ ಬಂದ ಮಗನು ಕೋವಿಯನ್ನು ಬಿಚ್ಚಿ, ನಳಿಗೆಯನ್ನು ಹಾಸಿಗೆಯ ಸುರುಳಿಯಲ್ಲಿಟ್ಟುಕೊಂಡು ನೆನಪಿಗೆಂದು ಮುಂಬಯಿಗೆ ಹೊರಟರೆ, ರೈಲಿನ ತಪಾಸಣೆಯಲ್ಲಿ ಅವನು ಪರವಾನಗಿಯಿಲ್ಲದ ಬಂದೂಕು ಹೊತ್ತವನೇ ಆಗುತ್ತಾನೆ. ಬಿಚ್ಚಿದ್ದರಿಂದ ಏನೂ ಬದಲಾಗದು.

ಆಗ ಮಾಡಬೇಕಾದುದು ಇಷ್ಟೇ. ಕೋವಿಯನ್ನೂ ಉಳಿದ ತೋಟಾಗಳನ್ನೂ ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಠೇವಣಿಯಿಟ್ಟು ರಸೀತಿ ಪಡೆಯಬೇಕು. ಮನೆಯವರಲ್ಲಿ ಯಾರಿಗೆ ಅದು ಬೇಕೋ ಅವರು ವಾರಸುದಾರರಾಗಿ, ಇತರ ವಾರಸುದಾರರ ಒಪ್ಪಿಗೆಯನ್ನೂ ಹೊಂದಿಸಿಕೊಂಡು, 2016ರ ಆಯುಧ ನಿಯಮಗಳಂತೆ ಅರ್ಜಿ ಹಾಕಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಂತಹ ನಗರಗಳಲ್ಲಿ ಪೊಲೀಸ್ ಕಮಿಷನರ ಕಚೇರಿಯೂ, ಇತರೆಡೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳ ಕಚೇರಿಯೂ ಪರವಾನಗಿ ಕೊಡುವ ಸ್ಥಳಗಳು. ಯಾರಿಗೂ ಬೇಡವಾದರೆ ಠೇವಣಿಯಲ್ಲಿದ್ದಂತೆಯೇ ಅದನ್ನು ಕಾನೂನುಬದ್ಧವಾಗಿ ಮಾರಿ ಹಣ ಪಡೆಯಬಹುದು. ಆದರೆ ಗೊತ್ತುಪಡಿಸಿದ ಅವಧಿಯೊಳಗೆ ಮರಳಿ ಪಡೆಯದೆ, ಮಾರದೆ ಬಿಟ್ಟರೆ ಅದು ಸರಕಾರಕ್ಕೆ ಮುಟ್ಟುಗೋಲಾಗುತ್ತದೆ. ಹಿರಿಯರು ಬದುಕಿರುವಾಗಲೇ ವ್ಯವಸ್ಥೆ ಮಾಡಿಕೊಳ್ಳುವುದು ಮೇಲು: ಪರವಾನಗಿದಾರರಿಗೆ ಎಪ್ಪತ್ತು ವರ್ಷ ತುಂಬಿದಾಗ ಅಥವಾ ಬಂದೂಕು ಅವರ ಬಳಿ ಇಪ್ಪತ್ತೈದು ವರ್ಷ ಇದ್ದಾಗ, ಯಾವುದು ಮೊದಲೋ ಆಗ, ತಾವು ಸೂಚಿಸಿದ ವಾರಸುದಾರರಿಗೆ ಅದನ್ನು ವರ್ಗಾಯಿಸಲು ನಿಯಮಗಳು ಅವಕಾಶ ಕೊಡುತ್ತವೆ. 2019ರ ತಿದ್ದುಪಡಿಯಿಂದ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕುಗಳ ಮಿತಿಯಿದೆ ಎಂಬುದನ್ನೂ ವಾರಸುದಾರರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊಡಗಿನ ವಿಷಯ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಜನರ ಸಂಪ್ರದಾಯಕ್ಕೆ ಸಂದ ಮನ್ನಣೆ ಅದು. ಆದರೆ ಅದು ಕೋವಿಯನ್ನು ಹೊಂದುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಮನೆಯಲ್ಲಿ ಹೊಸದನ್ನು ಕಟ್ಟುವುದಕ್ಕೆ ಅಲ್ಲ.

ಕೊನೆಯದಾಗಿ, ಊರಿನಿಂದ ತಂದ ಹಳೆಯ ಚೀಲಗಳ ವಿಷಯ. ತೋಟಾಗಳಿಗೂ ಪರವಾನಗಿ ಬೇಕು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಂದೇ ಒಂದು ಮರೆತ ತೋಟಾ ಸಿಕ್ಕರೂ ಪ್ರಯಾಣ ಅಲ್ಲಿಗೇ ನಿಂತು, ಅದು ತಿಳಿದಿಟ್ಟದ್ದಲ್ಲವೆಂದು ವಿವರಿಸುತ್ತ ಕಚೇರಿ, ನ್ಯಾಯಾಲಯಗಳನ್ನು ಅಲೆಯಬೇಕಾದೀತು. ತಂದೆಯವರ ಚೀಲವನ್ನು ಬಳಸುವವರು ಹೊರಡುವ ಹಿಂದಿನ ದಿನವೇ ಅದರ ಒಳಜೇಬುಗಳನ್ನು ತಿರುವಿ ನೋಡಿಕೊಳ್ಳತಕ್ಕದ್ದು.