ಬೈಲಕುಪ್ಪೆಯಲ್ಲಿ ಬೇರೂರಿದವರು

ಪರಕೀಯ ಸಂಸ್ಕೃತಿಗೆ ಹೊಂದಿಕೊಳ್ಳುವ ಕೆಲಸ ಮನಸ್ಸಿಗಿಂತ ಮೊದಲು ಮೈಯಿಂದ ಆರಂಭವಾಗುತ್ತದೆ ಎಂಬುದಕ್ಕೆ, 1960ರ ದಶಕದ ಆರಂಭದಲ್ಲಿ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟಿಯನ್ನರ ಬದುಕು ಸಾಕ್ಷಿಯಾಗಿದೆ. ತಾಯ್ನಾಡನ್ನು ತೊರೆದು ಬಂದ ಅವರಿಗೆ ಅಂದಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕಾಡುಭೂಮಿಯನ್ನು ನೀಡಿತು. ಎತ್ತರದ ಪ್ರಸ್ಥಭೂಮಿಯ ಚಳಿಯಲ್ಲಿ ಬೆಳೆದವರು ಇಲ್ಲಿನ ಬಿಸಿಲಿನಲ್ಲಿ ಮರ ಕಡಿದು, ಬೇರು ಕಿತ್ತು, ಕಾಡಾನೆಗಳ ಕಾಟವನ್ನು ಎದುರಿಸಿ ಆ ನೆಲವನ್ನು ಹೊಲವಾಗಿಸಿದರು. ಇಲ್ಲಿನ ವಿಹಾರದ ಚಿನ್ನದ ಬಣ್ಣದ ಬುದ್ಧನ ಮೂರ್ತಿಗಳನ್ನು ನೋಡಲು ಬರುವ ಪ್ರವಾಸಿಗರು ಈ ದುಡಿಮೆಯನ್ನೂ ಅಷ್ಟೇ ಗೌರವದಿಂದ ನೆನೆಯಬೇಕು.

ಅವರ ಪರಂಪರಾಗತ ಆಹಾರ ತ್ಸಂಪಾ, ಅಂದರೆ ಹುರಿದ ಬಾರ್ಲಿಯ ಹಿಟ್ಟು. ಅದನ್ನು ಬೆಣ್ಣೆ ಮತ್ತು ಉಪ್ಪು ಬೆರೆಸಿದ ಚಹಾದಲ್ಲಿ ಕಲಸಿ, ಬಟ್ಟಲಿನಲ್ಲೇ ಬೆರಳುಗಳಿಂದ ನಾದಿ, ಉಂಡೆ ಕಟ್ಟಿ ತಿನ್ನುವುದು ರೂಢಿ. ಆದರೆ ಮಳೆಯನ್ನೇ ನಂಬಿದ ಬೈಲಕುಪ್ಪೆಯಲ್ಲಿ ಅವರು ಮುಖ್ಯವಾಗಿ ಬೆಳೆದದ್ದು ಬಾರ್ಲಿಯನ್ನಲ್ಲ, ಮುಸುಕಿನ ಜೋಳವನ್ನು. ಬೇಸಾಯದ ಆದಾಯ ಸಾಲದಾದಾಗ ಹಲವು ಕುಟುಂಬಗಳು ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರ್ ಮಾರತೊಡಗಿದವು.

ಬೆಳೆ ಮತ್ತು ಕಸುಬನ್ನು ಬದಲಿಸಿಕೊಂಡ ಈ ಸಮುದಾಯ ತನ್ನ ಆರಾಧನೆ, ಭಾಷೆ ಮತ್ತು ಹಬ್ಬಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. 1963ರಲ್ಲಿ ನಾಮ್‌ಡ್ರೋಲಿಂಗ್ ವಿಹಾರವನ್ನು ಕಟ್ಟಲಾರಂಭಿಸಿತು, ಲೋಸರ್ ಎಂಬ ಹೊಸವರ್ಷವನ್ನು ಆಚರಿಸುತ್ತಲೇ ಬಂದಿತು. ಇಲ್ಲಿಯೇ ಹುಟ್ಟಿ ಬೆಳೆದ ಪೀಳಿಗೆಯಲ್ಲಿ ಮನೆಯೊಳಗೆ ಟಿಬೆಟಿಯನ್, ಪಕ್ಕದ ಕುಶಾಲನಗರದ ಅಂಗಡಿಗಳಲ್ಲಿ ಕನ್ನಡ ಮಾತನಾಡುವವರಿದ್ದಾರೆ.