ಊರಿನ ಆಸ್ತಿಗೆ ವಿಮೆ: ಯಾವುದಕ್ಕೆ, ಎಷ್ಟಕ್ಕೆ?

(ಕಂಪ್ಲಿಯಲ್ಲಿ ಪುರಸಭೆ ಹಾಗೂ ಸುತ್ತಲಿನ ಪಂಚಾಯಿತಿ ಸದಸ್ಯರ ಕೂಟದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ನಾನು ವ್ಯವಸಾಯದ ಡಿಪ್ಲೊಮಾ ಓದಿದವನು. ವಿಮೆ ನನ್ನ ಕಸುಬಲ್ಲ. ಆದರೆ ಮುಂಗಾರಿನಲ್ಲಿ ಬೆಳೆ ವಿಮೆಯ ವಿಷಯ ತಿಳಿಸಲು ರೈತರ ಬಾಗಿಲಿಗೆ ಹೋಗುತ್ತೇನೆ. ಭತ್ತಕ್ಕೆ ವಿಮೆಯ ಮೊತ್ತದಲ್ಲಿ ನೂರಕ್ಕೆ 2 ರೂಪಾಯಿ ಕಂತು ಎಂದು ಹೇಳುತ್ತಿದ್ದಾಗ ಹಿರಿಯರೊಬ್ಬರು ಕೇಳಿದರು: "ತಮ್ಮಾ, ನನ್ನ ಗದ್ದೆಗೆ ವಿಮೆ ಮಾಡಿಸು ಅಂತೀಯಲ್ಲ, ಊರಿಗೆ ನೀರೆತ್ತೋ ಪಂಪಿಗೆ ಯಾರು ಮಾಡಿಸ್ಯಾರ?" ನನಗೆ ಉತ್ತರ ತೋಚಲಿಲ್ಲ. ಬಲ್ಲವರಿಂದ ತಿಳಿದುಕೊಂಡದ್ದನ್ನು ಇಂದು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ಕಾನೂನು ಕೇಳುವ ವಿಮೆ. 1988ರ ಮೋಟಾರು ವಾಹನ ಕಾಯಿದೆಯಂತೆ ಕಸದ ಗಾಡಿ, ನೀರಿನ ಟ್ಯಾಂಕರು, ಟ್ರ್ಯಾಕ್ಟರುಗಳಿಗೆ ಮೂರನೆಯವರ ವಿಮೆ ಬೇಕು. ಮೂರನೆಯವರೆಂದರೆ ನಮ್ಮ ಗಾಡಿಯಿಂದ ಪೆಟ್ಟು ತಿನ್ನುವ ದಾರಿಹೋಕರು. ನಾನು ಹಿಂದೆ ಇದ್ದ ಒಂದು ಕಡೆ ಪಂಚಾಯಿತಿಯ ಟ್ರ್ಯಾಕ್ಟರಿನ ವಿಮೆ ಮುಗಿದು ಹನ್ನೊಂದು ದಿನವಾಗಿತ್ತು. ನೆನಪಿನ ಕಾಗದ ಕಡತದಲ್ಲೇ ಉಳಿದಿತ್ತು. ಸೈಕಲ್ಲಿನ ಹುಡುಗನೊಬ್ಬನ ಕಾಲು ಮುರಿಯಿತು. ಪರಿಹಾರ ಕೊಟ್ಟದ್ದು ಬೀದಿ ದೀಪಕ್ಕೆಂದು ಇಟ್ಟ ಹಣದಿಂದ. ಆ ವರ್ಷ ಎರಡು ಕೇರಿಗಳು ಕತ್ತಲಲ್ಲಿದ್ದವು. ಚಾಲಕನ ಲೈಸೆನ್ಸನ್ನೂ ನೋಡಿಕೊಳ್ಳಿರಿ. ಅದು ಸರಿಯಿಲ್ಲದಿದ್ದರೆ ವಿಮಾ ಕಂಪನಿ ಕೊಟ್ಟ ಹಣವನ್ನು ನಮ್ಮಿಂದಲೇ ವಸೂಲು ಮಾಡಬಹುದು.

ಎರಡನೆಯದು, ದುಡಿಯುವ ಕೈಗಳು. ಪೌರಕಾರ್ಮಿಕರು, ನೀರುಗಂಟಿಗಳು, ದೀಪದ ಕಂಬ ಹತ್ತುವವರು ಕೆಲಸದಲ್ಲಿ ಗಾಯಗೊಂಡರೆ ಪರಿಹಾರ ಕೊಡುವ ಹೊಣೆ 1923ರ ಕಾನೂನಿನಿಂದಲೇ ಬಂದದ್ದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೆ. ಗುತ್ತಿಗೆದಾರನ ಆಳು ಎಂದು ಕೈತೊಳೆದುಕೊಳ್ಳುವಂತಿಲ್ಲ.

ಮೂರನೆಯದು, ಕಟ್ಟಡ ಮತ್ತು ಯಂತ್ರ. ನಮ್ಮದು ತುಂಗಭದ್ರೆಯ ದಂಡೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದದ್ದನ್ನು ಮರೆತವರಿಲ್ಲ. ಬೆಂಕಿ ವಿಮೆಯಲ್ಲಿ ಪ್ರವಾಹದ ಬಾಬನ್ನು ಬಿಟ್ಟರೆ ಕಂತು ಇಳಿಯುತ್ತದೆ. ಗುಡ್ಡದ ಮೇಲಿನ ಊರಿಗೆ ಅದು ಉಳಿತಾಯವಾದೀತು, ಹೊಳೆದಂಡೆಯ ಊರಿಗೆ ಅಲ್ಲ. ಇನ್ನೊಂದು ಮಾತು: ವಿದ್ಯುತ್ ಏರುಪೇರಿನಿಂದ ಪಂಪಿನ ಮೋಟಾರು ಒಳಗೇ ಸುಟ್ಟರೆ ಸಾಮಾನ್ಯ ಬೆಂಕಿ ವಿಮೆ ಆ ಮೋಟಾರಿಗೆ ಹಣ ಕೊಡದು. ಯಂತ್ರ ಕೆಟ್ಟರೆ ಕೊಡುವ ವಿಮೆಯೇ ಬೇರೆ.

ಬೆಲೆಯನ್ನು ಕಡಿಮೆ ಬರೆಸಬೇಡಿರಿ. 20 ಲಕ್ಷದ ಕಟ್ಟಡಕ್ಕೆ 10 ಲಕ್ಷದ ವಿಮೆ ಮಾಡಿಸಿದ್ದು, 4 ಲಕ್ಷ ಹಾನಿಯಾಯಿತೆನ್ನಿ. ಸಾಮಾನ್ಯ ಬೆಂಕಿ ವಿಮೆಯ ನಿಯಮದಂತೆ ಕೈಗೆ ಬರುವುದು 2 ಲಕ್ಷ ಮಾತ್ರ. ಅರ್ಧ ಬೆಲೆಗೆ ಅರ್ಧ ಪರಿಹಾರ.

ಹಾಗೆಂದು ಎಲ್ಲಕ್ಕೂ ವಿಮೆ ಬೇಡ. ಒಡೆದ ಗಾಜು, ಮುರಿದ ಕುರ್ಚಿಗೆ ಒಂದು ಸಣ್ಣ ನಿಧಿ ಸಾಕು. ಊರಿಗೆ ಹೊರಲಾಗದ ಭಾರಕ್ಕೆ ವಿಮೆ, ಹೊರಬಹುದಾದುದಕ್ಕೆ ನಿಧಿ, ಇದಿಷ್ಟೇ ಲೆಕ್ಕ.

ಮೊದಲು ಆಸ್ತಿಯ ಪಟ್ಟಿ ಮಾಡಿರಿ. ಅದೇ ಪಟ್ಟಿಯನ್ನು ಎಲ್ಲ ಕಂಪನಿಗಳಿಗೂ ಕೊಟ್ಟು ಬರವಣಿಗೆಯಲ್ಲಿ ದರ ಕೇಳಿರಿ. ವಾಹನಗಳ ಮಟ್ಟಿಗೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯನ್ನೂ ವಿಚಾರಿಸಿರಿ. ಕಂತು ಎಷ್ಟು ಎನ್ನುವ ಮೊದಲು ಯಾವುದಕ್ಕೆ ಕೊಡುವುದಿಲ್ಲ, ಪ್ರತಿ ಹಾನಿಯಲ್ಲಿ ನಮ್ಮ ಪಾಲೆಷ್ಟು ಎಂದು ಕೇಳಿರಿ. ಮುಗಿಯುವ ದಿನಾಂಕಗಳನ್ನು ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿರಿ.

ಮುಂದಿನ ಮುಂಗಾರಿಗೆ ನಾನು ಮತ್ತೆ ಆ ಹಿರಿಯರ ಬಾಗಿಲಿಗೆ ಹೋಗಬೇಕು. ಅವರು ಅದೇ ಮಾತನ್ನು ಕೇಳದೆ ಬಿಡರು. ಈ ಸಲ ಉತ್ತರ ಹಿಡಿದುಕೊಂಡು ಹೋಗುವಂತೆ ತಾವು ಮಾಡಬೇಕೆಂದು ಬೇಡಿಕೊಳ್ಳುತ್ತೇನೆ.