ಮಿಡಿಯುವ ತಂತಿ, ಮಗ್ಗದ ಸದ್ದು



ಕನ್ನಡದಲ್ಲಿ ‘ಮಿಡಿ’ ಎಂದರೆ ತಂತಿಯನ್ನು ಬೆರಳಿನಿಂದ ಮೀಟುವುದು. ಎಳೆಯ ಮಾವಿನಕಾಯಿಗೂ ಅದೇ ಹೆಸರು. ನಾನು ಈಗ ಹೇಳಹೊರಟಿರುವ ಮಿಡಿ ಇವೆರಡೂ ಅಲ್ಲ. ಅದು 1983ರಲ್ಲಿ ಅಮೆರಿಕ ಮತ್ತು ಜಪಾನಿನ ವಾದ್ಯತಯಾರಕರು ಕೂಡಿ ಒಪ್ಪಿಕೊಂಡ ಒಂದು ಸಂಕೇತಪದ್ಧತಿ. ನಾಲ್ಕು ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಕೂಡಿದ ಹೆಸರು. ಆದರೂ ಗಿಟಾರಿನ ಮಟ್ಟಿಗೆ ಈ ಕಾಕತಾಳೀಯವು ಸೊಗಸಾಗಿಯೇ ಒದಗಿಬಂದಿದೆ. ತಂತಿಯನ್ನು ಮಿಡಿದರೆ ಮಿಡಿ ಹುಟ್ಟುತ್ತದೆ.

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಒಮ್ಮೆ ನಡೆದುಬಂದವರಿಗೆ ಈ ವಿಷಯವನ್ನು ಇಲ್ಲಿ ಏಕೆ ಎತ್ತಿದೆನೆಂಬುದು ತಾನಾಗಿ ತಿಳಿದೀತು. ಅಲ್ಲಿ ಮನೆಯ ಮಗ್ಗುಲಿಗೇ, ಕೆಲವೆಡೆ ಮನೆಯೊಳಗೇ, ವಿದ್ಯುನ್ಮಗ್ಗಗಳು ಖಟಖಟ ಎನ್ನುತ್ತಿರುತ್ತವೆ. ಇತ್ತ ಮುಧೋಳ, ಜಮಖಂಡಿಗಳ ಕಡೆ ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ, ಹಾಡು ಹಚ್ಚಿಕೊಂಡು ಸಾಗುವ ಟ್ರ್ಯಾಕ್ಟರುಗಳಿಗೆ ಹಗಲೂ ಒಂದೇ, ಇರುಳೂ ಒಂದೇ. ಇಂಥ ಊರುಗಳಲ್ಲಿ ಒಬ್ಬ ತರುಣ ತನ್ನ ಪಡಸಾಲೆಯಲ್ಲಿ ಕುಳಿತು ಗಿಟಾರು ನುಡಿಸಿ ಮುದ್ರಿಸಿಕೊಳ್ಳಬೇಕೆಂದರೆ, ಮೈಕು ಅವನ ಸ್ವರಕ್ಕಿಂತ ಮೊದಲು ನೆರೆಮನೆಯ ಲಾಳಿಯನ್ನು ಕೇಳಿಸಿಕೊಳ್ಳುತ್ತದೆ. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ನಿಜ. ಆದರೆ ಅದರೊಡನೆ ಗಣಕಯಂತ್ರವೂ ನಿಲ್ಲುತ್ತದೆ!

ಮಿಡಿ ಗಿಟಾರಿಗೆ ಮೈಕು ಬೇಡ. ಅದರ ಆರು ತಂತಿಗಳ ಕೆಳಗೆ, ಸೇತುವೆಯ ಹತ್ತಿರ, ತಂತಿಗೊಂದರಂತೆ ಆರು ಚಿಕ್ಕ ಪಿಕಪ್‌ಗಳು ಇರುತ್ತವೆ. ಪ್ರತಿಯೊಂದೂ ತನ್ನ ತಂತಿಯ ಕಂಪನವನ್ನಷ್ಟೇ ಗ್ರಹಿಸುತ್ತದೆ. ಆ ಕಂಪನದಿಂದ ಯಾವ ಸ್ವರವೆಂಬುದನ್ನು ಎಣಿಸಿ, ತಂತಿಯಿಲ್ಲದ ಬಗೆಯಲ್ಲಾದರೆ ರೇಡಿಯೊ ತರಂಗಗಳ ಮೂಲಕ, ಗಣಕಯಂತ್ರಕ್ಕೆ ಚುಚ್ಚಿದ ಪುಟ್ಟ ಗ್ರಾಹಕಕ್ಕೆ ಕಳುಹಿಸಲಾಗುತ್ತದೆ. ಹೀಗೆ ಹೋಗುವುದು ನಾದವಲ್ಲ, ಆಜ್ಞೆ: ಇಂಥ ಸ್ವರ, ಇಷ್ಟು ಜೋರು, ಈಗ ಆರಂಭ, ಈಗ ಮುಕ್ತಾಯ. ನಮ್ಮ ಪೇಟಿ ಮಾಸ್ತರರು ‘ಕಪ್ಪು ಒಂದು’ ಎನ್ನುವ ಸ್ವರಕ್ಕೆ, ಮಧ್ಯಸಪ್ತಕದಲ್ಲಿ, ಈ ಪದ್ಧತಿಯು 61 ಎಂಬ ಸಂಖ್ಯೆಯನ್ನು ಕೊಟ್ಟಿದೆ. ಮೀಟಿನ ಬಲಕ್ಕೆ ಹೆಚ್ಚೆಂದರೆ 127. ಈ ಅಂಕಿಗಳಲ್ಲಿ ಮಗ್ಗದ ಸದ್ದಿಗೆ ಪ್ರವೇಶವಿಲ್ಲ. ಅಂಕಿಗಳನ್ನು ಪಡೆದ ಯಂತ್ರವು ನಾವು ಬಯಸಿದರೆ ಕೊಳಲಾಗಿ, ಬಯಸಿದರೆ ಸಾರಂಗಿಯಾಗಿ ನುಡಿಯುತ್ತದೆ.

ಇಷ್ಟು ಸುಲಭವಾದರೆ ದೂರೇನು? ದೂರು ಎರಡಿವೆ.

ಮೊದಲನೆಯದು ವಿಳಂಬ. ಗಿಟಾರಿನ ಅತಿ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಒಂದು ಕಂಪನ ಮುಗಿಯಲು ಸೆಕೆಂಡಿನ ಸಾವಿರದಲ್ಲಿ 12 ಭಾಗ ಬೇಕು. ಒಂದೆರಡು ಕಂಪನಗಳನ್ನಾದರೂ ಕಾಣದೆ ಯಂತ್ರವು ಸ್ವರವನ್ನು ಗುರುತಿಸಲಾರದು. ಅತಿ ತೆಳು ತಂತಿಗೆ 330 ಕಂಪನಗಳಿರುವುದರಿಂದ ಅಲ್ಲಿ 3 ಭಾಗ ಸಾಕು. ಆದ್ದರಿಂದ ಮಂದ್ರದ ಸ್ವರಗಳು ಬೆರಳಿಗಿಂತ ತುಸು ಹಿಂದೆ ಬೀಳುತ್ತವೆ. ಇದು ತಯಾರಕರ ಅಲಕ್ಷ್ಯವಲ್ಲ, ಪ್ರಕೃತಿಯ ನಿಯಮ. ತೆಳು ತಂತಿಗಳ ಮೇಲೆ ಒಂದು ಸಪ್ತಕ ಮೇಲೆ ನುಡಿಸಿ, ಆಮೇಲೆ ಯಂತ್ರದಲ್ಲಿ ಕೆಳಗಿಳಿಸಿಕೊಳ್ಳುವುದು ಬಲ್ಲವರ ಉಪಾಯ. ಆದರೆ ಇಷ್ಟೆಲ್ಲ ಜಾಗರೂಕತೆ ವಹಿಸಿದವರೇ ಬ್ಲೂಟೂತ್ ಹೆಡ್‌ಫೋನು ಧರಿಸಿ ಕುಳಿತರೆ ಕೆಲಸ ಕೆಟ್ಟಂತೆಯೇ. ಅದೊಂದೇ ಸಾಮಾನ್ಯವಾಗಿ ನೂರಕ್ಕೂ ಹೆಚ್ಚು ಭಾಗ ತಡಮಾಡುತ್ತದೆ. ಕಿವಿಗೆ ತಂತಿಯ ಹೆಡ್‌ಫೋನೇ ಬೇಕು.

ಎರಡನೆಯದು ಹೆಚ್ಚು ಗಂಭೀರವಾದುದು. 1940ರಿಂದ 1971ರವರೆಗೆ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ದೂರವಿಟ್ಟಿದ್ದುದನ್ನು ಹಿರಿಯ ಕೇಳುಗರು ಬಲ್ಲರು. ಅದರ ಸ್ವರಗಳು ಒಂದರಿಂದೊಂದಕ್ಕೆ ಜಾರಲಾರವು, ಮೀಂಡ ಬಾರದು ಎಂಬುದು ಮುಖ್ಯ ಆಕ್ಷೇಪಗಳಲ್ಲೊಂದು. ಇಂದಿನ ನಮ್ಮ ಭಾಗದ ಜನಪದ ಹಾಡುಗಳ ಧ್ವನಿಮುದ್ರಣದಲ್ಲಿ ಕೀಬೋರ್ಡಿನದೇ ದರ್ಬಾರು. ಪೇಟಿಯ ಕೊರತೆ ಅದಕ್ಕೂ ಉಂಟು. ಜಾರಿಸಲು ಪಕ್ಕದಲ್ಲೊಂದು ಗಾಲಿಯಿದ್ದರೂ ಅದನ್ನು ಹದವರಿತು ತಿರುಗಿಸುವವರು ವಿರಳ. ಗಿಟಾರಿನಲ್ಲಾದರೋ ತಂತಿಯನ್ನು ಎಳೆದರೆ ಸ್ವರ ತಾನೇ ಏರುತ್ತದೆ. ಬ್ರಿಜ್‌ಭೂಷಣ ಕಾಬ್ರಾ ಅವರು ಹಿಂದೂಸ್ತಾನಿ ರಾಗಗಳನ್ನು ಗಿಟಾರಿಗೆ ಒಗ್ಗಿಸಿದ್ದು ತಂತಿಯ ಮೇಲಿನ ಈ ಜಾರುವಿಕೆಯ ಬಲದಿಂದಲೇ.

ಮಿಡಿಯಲ್ಲಿ ಆ ಎಳೆತವನ್ನು 16,384 ಹಂತಗಳಲ್ಲಿ ಬರೆದಿಡಲು ಅವಕಾಶವಿದೆ. ಎಳೆತದ ವ್ಯಾಪ್ತಿಯನ್ನು ಗಿಟಾರಿನಲ್ಲಿಯೂ ಗಣಕದಲ್ಲಿಯೂ ಒಂದೇ ಅಳತೆಗೆ ಇಡಬೇಕು. ಇಲ್ಲವಾದರೆ ನಾವು ರಿಷಭದಿಂದ ಗಾಂಧಾರಕ್ಕೆ ಏರಿದರೆ ಅದು ಪಂಚಮಕ್ಕೆ ನೆಗೆದೀತು. ಆರು ತಂತಿಗಳನ್ನು ಆರು ಬೇರೆ ಚಾನೆಲ್‌ಗಳಲ್ಲಿ ಕಳುಹಿಸಬೇಕು. ಇಲ್ಲವಾದರೆ ಒಂದು ತಂತಿಯನ್ನೆಳೆದಾಗ ಉಳಿದ ಐದೂ ಕೂಡಿಯೇ ಬಾಗುತ್ತವೆ. ಇವೆರಡನ್ನು ಸರಿಪಡಿಸಿಕೊಳ್ಳದೆ ಯಂತ್ರವನ್ನು ಹಳಿದು ಮೂಲೆಗಿಟ್ಟವರೇ ಹೆಚ್ಚೆಂದು ನನ್ನ ಅನಿಸಿಕೆ.

ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಮುಂಬಯಿಯಲ್ಲಿ ಹಾಡಿದಾಗ, ಗಾಯಕಿಯೂ ವಾದ್ಯಗಾರರೂ ಒಟ್ಟಿಗೆ ಕೂಡಿ ಒಂದೇ ಏಟಿಗೆ ಮುಗಿಸುವ ಕಾಲವದು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಆ ಶ್ರಮವನ್ನು ಮರಳಿ ತರಬೇಕೆಂದು ಯಾರೂ ಹಂಬಲಿಸರು. ಆದರೆ ಎಂಬತ್ತು ವರ್ಷಗಳ ಮೇಲೂ ಆ ಮುದ್ರಿಕೆಯಲ್ಲಿ ಉಳಿದಿರುವುದು ಅವರ ಕಂಠವೇ ಹೊರತು ಕಂಠದ ಕುರಿತಾದ ಸಂಖ್ಯೆಗಳಲ್ಲ. ಮಿಡಿ ಕಡತವು ಸ್ವರಲಿಪಿ; ಅದನ್ನು ಓದುವ ತಂತ್ರಾಂಶ ಬದಲಾದೊಡನೆ ಧ್ವನಿಯೂ ಬದಲಾಗುತ್ತದೆ. ಆದಕಾರಣ ಮನೆಯಲ್ಲಿ ಮುದ್ರಿಸುವವರು ಗಿಟಾರಿನ ಸಹಜ ಪಿಕಪ್‌ನಿಂದ ಬರುವ ನಿಜವಾದ ನಾದವನ್ನೂ ಇನ್ನೊಂದು ಟ್ರ್ಯಾಕಿನಲ್ಲಿ ಜೊತೆಜೊತೆಯಾಗಿ ಹಿಡಿದಿಡುವುದು ಒಳಿತು.

ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ ಕೃಷ್ಣಪಾರಿಜಾತವನ್ನು ಹಾಡುವ ವಯೋವೃದ್ಧರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಅವರ ಹಾಡುಗಳನ್ನು ಮೊಮ್ಮಕ್ಕಳು ಮನೆಯಲ್ಲಿಯೇ ಮುದ್ರಿಸಿಕೊಳ್ಳುವಂತಾದರೆ ಅದಕ್ಕಿಂತ ಬೇರೆ ಸಂತೋಷವಿಲ್ಲ. ಅಲ್ಲಿ ಮಾತ್ರ ಮಿಡಿಯ ಜಾಣತನ ನಡೆಯದು. ಕಂಠಕ್ಕೆ ಮೈಕೇ ಗತಿ. ಪೇಟಿ ಮಾಸ್ತರರ ಜಾಗದಲ್ಲಿ ಗಣಕವನ್ನು ಕೂರಿಸುವ ಆತುರವೂ ಬೇಡ. ಹಾಡುವವರು ಉಸಿರೆಳೆಯುವಲ್ಲಿ ಅವರು ಕಾಯುತ್ತಾರೆ, ಗಣಕ ಕಾಯುವುದಿಲ್ಲ. ಗೋಡೆಗಳಿಗೆ ಮನೆಯಲ್ಲಿರುವ ದಪ್ಪ ಕೌದಿಗಳನ್ನು ತೂಗುಹಾಕಿದರೆ ಕೋಣೆಯ ಪ್ರತಿಧ್ವನಿ ತಗ್ಗುತ್ತದೆ, ಹೊರಗಿನ ಸದ್ದನ್ನು ಮಾತ್ರ ಅವು ಪೂರ್ತಿ ತಡೆಯಲಾರವು. ಹೀಗಾಗಿ ಗಿಟಾರಿನ ಭಾಗವನ್ನು ಬೇಕಾದ ದಿನ ನುಡಿಸಿಟ್ಟುಕೊಂಡು, ಹಿರಿಯರ ಹಾಡನ್ನು ನೆರೆಹೊರೆಯ ಮಗ್ಗಗಳು ನಿಂತ ದಿನಕ್ಕೆ, ಅಮಾವಾಸ್ಯೆಗೋ ಹಬ್ಬಕ್ಕೋ, ಗೊತ್ತುಮಾಡಿಕೊಳ್ಳಬೇಕು. ಅಂದು ಓಣಿಯವರಿಗೆ ಒಂದು ಮಾತು ಮೊದಲೇ ತಿಳಿಸಿಟ್ಟರೆ, ಟ್ರ್ಯಾಕ್ಟರಿನವನೂ ಅರ್ಧ ತಾಸು ಹಾಡು ನಿಲ್ಲಿಸಿ ಹೋದಾನು.